ಏಳು ವರ್ಷದ ಕೈ

ತಾಯಿ ನುಡಿಸಿದಷ್ಟು ನುಡಿಯುತ್ತೇನೆ. ಕೇಳುವವರು ಅಂಗೈ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರೆ ಸಾಕು, ಬೇರೆ ನೇಮವೇನೂ ಬೇಡ.

ಒಂದು ಊರಿತ್ತು. ಊರ ನಡುವೆ ಗುಡಿ, ಗುಡಿಯ ಹಿಂದೆ ಕೆರೆ, ಕೆರೆಯ ದಡದಲ್ಲಿ ಎಂದೂ ಒಣಗದ ಜೇಡಿಮಣ್ಣು. ಗುಡಿಯಲ್ಲಿದ್ದವಳು ಬಿಚ್ಚುಗೈ ತಾಯಿ. ಆಳೆತ್ತರದ ಕರಿಕಲ್ಲಿನ ಮೂರ್ತಿ. ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಐದು ಬೆರಳೂ ಬಿಚ್ಚಿ, ಬಂದವರಿಗೆಲ್ಲ ಅಂಗೈ ತೋರುತ್ತ ನಿಂತಿದ್ದಳು. ಊರಿನವರು ಬೆಳಗಾಗೆದ್ದು ಅವಳ ಹೆಸರು ಹೇಳಿಯೇ ನೀರು ಮುಟ್ಟುತ್ತಿದ್ದರು. ಹೇಳಿ ಹೇಳಿ ಆ ಹೆಸರು ಬಾಯಲ್ಲಿ ಸವೆದು ನುಣ್ಣಗಾಗಿತ್ತು. ಅದರ ಅರ್ಥವೇನೆಂದು ಯಾರೂ ನಿಂತು ನೋಡುತ್ತಿರಲಿಲ್ಲ.

ಆ ಊರಿಗೊಂದು ಕಟ್ಟಳೆಯಿತ್ತು. ಮಗುವಿಗೆ ಏಳು ತುಂಬಿದ ದಿನ ಕೆರೆಯ ಮಣ್ಣನ್ನು ಹದಮಾಡಿ, ಹಲಗೆಯಂತೆ ತಟ್ಟಿ, ತಾಯಿಯ ಮುಂದೆ ಇಡುತ್ತಿದ್ದರು. ಮಗು ಅದರ ಮೇಲೆ ಬಲಗೈ ಒತ್ತಬೇಕು. ಗುಡಿಯ ಕಟ್ಟಳೆ ಕಾಯುವ ಅಚ್ಚಿನೊಡೆಯರು ಬಗ್ಗಿ ನೋಡುತ್ತಿದ್ದರು. ಹೆಬ್ಬೆರಳು ಆಳಕ್ಕೆ ಇಳಿದಿದ್ದರೆ, "ಈ ಕೈ ಕಬ್ಬಿಣದ್ದು." ಕಿರುಬೆರಳು ಆಳಕ್ಕೆ ಇಳಿದಿದ್ದರೆ, "ಈ ಕೈ ಮಗ್ಗದ್ದು." ನಡುವೆ ಮಣ್ಣು ಉಬ್ಬಿ ನಿಂತಿದ್ದರೆ, "ಈ ಕೈ ಉಪ್ಪಿನದು." ಒಂದೇ ಮಾತು. ಆ ಕೈಗೆ ಇನ್ನು ಅದೇ ಕಸುಬು, ಆ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಕುಂಬಾರ ಆ ಹಲಗೆಯನ್ನು ಹೊತ್ತೊಯ್ದು ಆವಿಗೆಯಲ್ಲಿ ಸುಟ್ಟು ತರುತ್ತಿದ್ದ. ಸುಟ್ಟ ಕೈಯಚ್ಚು ಮನೆಯ ಬಾಗಿಲ ಮೇಲೆ ಏರುತ್ತಿತ್ತು, ಕೆಂಪಗೆ, ಗಟ್ಟಿಯಾಗಿ, ಸಾಯುವ ತನಕ.

ವರ್ಷಕ್ಕೊಂದು ಬೆಳಿಗ್ಗೆ ಅಳತೆಯ ಹಬ್ಬ. ಎಲ್ಲರೂ ತಮ್ಮ ತಮ್ಮ ಅಚ್ಚು ಇಳಿಸಿ ಗುಡಿಗೆ ತಂದು, ಅದರೊಳಗೆ ಕೈಯಿಟ್ಟು, ತಾಯಿಯ ಮುಂದೆ ಹೇಳಬೇಕು: "ಇದು ನನ್ನ ಕೈ. ನನ್ನ ಕೈ ಇಷ್ಟು."

ಏಳು ವರ್ಷದ ಅಚ್ಚಿನೊಳಗೆ ನಲವತ್ತು ವರ್ಷದ ಕೈ ಹೇಗೆ ಹಿಡಿಸೀತು ಅಂತ ಕೇಳುತ್ತೀರಿ. ಮಡಿಸಿದರೆ ಹಿಡಿಸುತ್ತದೆ. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಆಮೇಲೆ ಉಳಿದವು. ಹೆಬ್ಬೆರಳನ್ನು ಅಡಿಗೆ ತುರುಕಬೇಕು. ಗೆಣ್ಣು ಬೆಳ್ಳಗಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆ ನೀರನ್ನು ಅವರು ಭಕ್ತಿ ಎಂದುಕೊಂಡಿದ್ದರು. ಊರಿನ ಕಮ್ಮಾರ ಎತ್ತಿನಂಥ ಆಳು, ಅವನ ಅಂಗೈ ಮೊರದಗಲ. ಅವನೂ ಆ ಮೊರವನ್ನು ಮಡಿಸಿ ಮಡಿಸಿ ಬದನೆಕಾಯಿಯಷ್ಟು ಮಾಡಿ, ಬೆವರುತ್ತ, "ನನ್ನ ಕೈ ಇಷ್ಟು" ಅನ್ನುತ್ತಿದ್ದ. ಯಾರೂ ನಗುತ್ತಿರಲಿಲ್ಲ. ನಗುವುದಕ್ಕೆ ಯಾರಿಗೆ ಪುರುಸೊತ್ತು? ಎಲ್ಲರಿಗೂ ಅವರವರ ಬೆರಳಿನ ನೋವು.

ಅಚ್ಚಿನಲ್ಲಿ ಕೈ ಕೂರದವರನ್ನು ಯಾರೂ ಹೊಡೆಯುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ. ಅಚ್ಚಿನೊಡೆಯರು "ಈ ಕೈ ಇಲ್ಲ" ಅನ್ನುತ್ತಿದ್ದರು, ಅಷ್ಟೇ. ಆಮೇಲೆ ಆ ಕೈಯಿಂದ ಯಾರೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನೀರಿಲ್ಲ, ಉಪ್ಪಿಲ್ಲ, ಒಂದು ಹೂವೂ ಇಲ್ಲ. ಹಿಂದೊಮ್ಮೆ ಒಬ್ಬ ಚಪ್ಪಲಿ ಹೊಲಿಯುವವನಿಗೆ ಹಾಗಾಗಿತ್ತು. ಅವನು ಒಂದು ಬಾಳೆಹಣ್ಣು ಹಿಡಿದುಕೊಂಡು ಗುಡಿಯ ಮೆಟ್ಟಿಲ ಮೇಲೆ ನಿಂತ. ಹೋಗುವವರಿಗೆ ನೀಡಿದ, ಬರುವವರಿಗೆ ನೀಡಿದ. ಹಣ್ಣು ಕಪ್ಪಾಗಿ ಕೈಯಲ್ಲೇ ಕರಗಿತು. ಮಾರನೆಯ ದಿನ ಅವನು ಊರಿನಲ್ಲಿರಲಿಲ್ಲ.

ಇನ್ನೊಂದು ಮಾತು ಹೇಳಬೇಕು. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಮೇಲಿನ ಅಚ್ಚುಗಳು ಮಾತಾಡುತ್ತಿದ್ದವು. ಒಂದೊಂದೂ ತನ್ನ ಮನೆಯವರಿಗಷ್ಟೇ ಕೇಳುವ ಹಾಗೆ, ಮೆಲ್ಲಗೆ: "ನನ್ನ ಕೈ ಇಷ್ಟು." ಅದು ದೇವರ ದನಿ ಎಂದು ಜನ ಕೈಮುಗಿಯುತ್ತಿದ್ದರು.

ಆ ಊರಿನ ಬತ್ತಿಯಕ್ಕನ ಕತೆ ಇದು.

ಏಳನೆಯ ವಯಸ್ಸಿನಲ್ಲಿ ಅವಳು ಮಣ್ಣಿಗೆ ಹೆದರಿ ಕೈಯನ್ನು ಒತ್ತೀ ಒತ್ತದ ಹಾಗೆ ಇಟ್ಟಿದ್ದಳು. ಅಚ್ಚು ತೆಳ್ಳಗೆ ಮೂಡಿತು. "ಈ ಕೈ ಹತ್ತಿಯದು" ಅಂದರು ಒಡೆಯರು. ಅಂದಿನಿಂದ ಮೂವತ್ತಾರು ವರ್ಷ ಅವಳು ಗುಡಿಗೂ ಮನೆಮನೆಗೂ ದೀಪದ ಬತ್ತಿ ಹೊಸೆದಳು. ಅರಳೆಯನ್ನು ಹಿಂಜಿ, ಬೆರಳ ತುದಿಗೆ ಚೂರು ವಿಭೂತಿ ಮುಟ್ಟಿಸಿ, ಎರಡು ಅಂಗೈಗಳ ನಡುವೆ ಎಳೆ ಹೊಸೆಯುವುದು. ಎಲ್ಲೋ ಒಂದು ಕಡೆ ಎಳೆ ಕಡಿದಿದ್ದರೆ, ಎಲ್ಲೋ ಒಂದು ಕಾಳಿನ ಸಿಪ್ಪೆ ಸೇರಿದ್ದರೆ, ಅವಳ ಬೆರಳಿಗೆ ಕಣ್ಣಿಗಿಂತ ಮೊದಲು ಗೊತ್ತಾಗುತ್ತಿತ್ತು. ಒಳ್ಳೆಯ ಕೆಲಸ, ತಾಯಿಯ ಕೆಲಸ. ಅವಳಿಗೆ ಅದರ ಮೇಲೆ ಸಿಟ್ಟಿರಲಿಲ್ಲ. ಆದರೆ ಕೆಲವು ವರ್ಷಗಳಿಂದ ಹೊಸೆಯುತ್ತ ಹೊಸೆಯುತ್ತ ಕೈ ತಾನಾಗಿ ನಿಂತುಬಿಡುತ್ತಿತ್ತು. ಏನನ್ನೋ ಹುಡುಕುವ ಹಾಗೆ ಬೆರಳು ಗಾಳಿಯಲ್ಲಿ ಆಡುತ್ತಿತ್ತು. ಅವಳು ಅದನ್ನು ಗದರಿಸಿ ಮತ್ತೆ ಹತ್ತಿಗೆ ಹಚ್ಚುತ್ತಿದ್ದಳು.

ಊರಿನಲ್ಲಿ ಮೂಳೆ ಕಟ್ಟುವವನು ಒಬ್ಬನೇ, ಮೂಳೆಯಜ್ಜ. ಅಳತೆಯ ಹಬ್ಬ ಮುಗಿದ ಮಧ್ಯಾಹ್ನ ಅವನ ಜಗಲಿಯ ತುಂಬ ಜನ. ಒಬ್ಬರದು ಕಿರುಬೆರಳು ನೆಟ್ಟಗಾಗದು, ಒಬ್ಬರದು ಹೆಬ್ಬೆರಳು ಊದಿಕೊಂಡದ್ದು. ಅಜ್ಜ ಎಣ್ಣೆ ಹಚ್ಚಿ ಎಳೆಯುತ್ತ ಬೈಯುತ್ತಿದ್ದ: "ತಾಯಿ ಬಿಚ್ಚಿ ಕೊಟ್ಟಿದ್ದನ್ನ ನೀವು ಮಡಿಸ್ತೀರಿ. ನೀವು ಮಡಿಸಿದ್ದನ್ನ ನಾನು ಬಿಚ್ತೀನಿ. ನಿಮ್ಮ ಭಕ್ತಿಯಿಂದಲೇ ಕಣ್ರಯ್ಯಾ ನಾನು ಹೊಟ್ಟೆ ಹೊರೀತಿರೋದು!"

ಆದರೆ ಅಜ್ಜನ ಕೈ ನಡುಗಲು ಶುರುವಾಗಿತ್ತು. ಹದಿನೆಂಟು ವರ್ಷದಿಂದ ಯಾವ ಮಗುವಿನ ಅಚ್ಚಿನಲ್ಲೂ ಮೂಳೆಯ ಕೈ ಬಿದ್ದಿರಲಿಲ್ಲ. ಒಡೆಯರನ್ನು ಕೇಳಿದರೆ, "ತಾಯಿ ಕೊಡುವಾಗ ಕೊಡ್ತಾಳೆ" ಅನ್ನುತ್ತಿದ್ದರು. ಜನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಇಳಿಯತೊಡಗಿದ್ದರು.

ಒಂದು ದಿನ ಬತ್ತಿಯಕ್ಕ ಅಜ್ಜನ ಮನೆಗೆ ಅರಳೆ ಕೊಡಲು ಹೋದಾಗ, ಬಟ್ಟೆ ಒಗೆಯುವವಳೊಬ್ಬಳು ಜಗಲಿಯಲ್ಲಿ ನರಳುತ್ತ ಕೂತಿದ್ದಳು. ಒಗೆಯುವ ಕಲ್ಲಿನ ಮೇಲೆ ಜಾರಿ ಮುಂಗೈ ಊದಿ ಕುಂಬಳದ ಹಾಗಾಗಿತ್ತು. ಅಜ್ಜ ಮುಟ್ಟಲು ಹೋದ. ಕೈ ನಡುಗಿತು. ಮತ್ತೆ ಹೋದ. ಅವಳು ಚೀರಿದಳು.

"ಏ ಬತ್ತಿಯಕ್ಕ, ಬುಟ್ಟಿ ಕೆಳಗಿಡು. ಈ ತೋಳು ಹಿಡ್ಕೋ. ನಾನು ಎಳೀತೀನಿ."

ಹಿಡಿದಳು. ಹಿಡಿದ ಕೂಡಲೇ ಅವಳ ಕಣ್ಣು ತಾನಾಗಿ ಮುಚ್ಚಿತು. ಊದಿದ ಚರ್ಮದ ಕೆಳಗೆ, ಬಿಸಿಯ ಕೆಳಗೆ, ಬೆರಳು ನಡೆದುಹೋಯಿತು. ಒಂದು ಕಡೆ ನಿಂತಿತು. ಯೋಚಿಸದೆ ಬಾಯಿಂದ ಬಂತು: "ಇಲ್ಲಿ ಎಳೆ ಕಡಿದಿದೆ."

ಅಜ್ಜ ಅವಳ ಮುಖ ನೋಡಿದ. "ಅಲ್ಲಿ ಇರೋದು ಎರಡು ಎಳೆ. ಯಾವುದು?"

"ಹೆಬ್ಬೆರಳ ಕಡೇದು. ಇನ್ನೊಂದು ಬರೀ ನೊಂದಿದೆ."

ಅಜ್ಜ ಬಿದಿರಿನ ದಬ್ಬೆ ಇಟ್ಟು, ಅರಳೆ ಸುತ್ತಿ, ಬಟ್ಟೆಯಿಂದ ಕಟ್ಟಿದ. ಒಗೆಯುವವಳನ್ನು ಕಳಿಸಿ, ತಂಬಿಗೆಯ ನೀರೆಲ್ಲ ಕುಡಿದು, ಹೇಳಿದ: "ನಾಳೆಯಿಂದ ಬಾ."

"ಎಲ್ಲಿಗೆ ಅಜ್ಜ?"

"ಇಲ್ಲಿಗೆ. ಕಲಿಯೋಕೆ."

"ತಮಾಷೆ ಮಾಡಬೇಡಿ. ನಂದು ಹತ್ತಿಯ ಕೈ."

"ಹತ್ತಿ ಹೊಸೆದದ್ದಕ್ಕೇ ಅದಕ್ಕೆ ಎಳೆ ಗೊತ್ತಾಗಿದ್ದು."

"ನಲವತ್ತಮೂರಾಯ್ತು ನನಗೆ."

"ನನಗೆ ಎಪ್ಪತ್ತೆಂಟು. ಸಾಯೋದನ್ನ ಈಗ ಹೊಸದಾಗಿ ಕಲೀತಿದ್ದೀನಿ. ನಿನಗೇನು ರೋಗ?"

"ತಾಯಿಯ ದೀಪಕ್ಕೆ ಬತ್ತಿ ಯಾರು ಹೊಸೀತಾರೆ?"

"ನೀನು ಹುಟ್ಟೋಕೆ ಮುಂಚೆ ತಾಯಿ ಕತ್ತಲಲ್ಲಿ ಕೂತಿದ್ಲೇನೇ?"

ಅವಳು ಸೆರಗಿನ ತುದಿ ಹಿಂಡುತ್ತ ನಿಂತಳು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದಳು: "ಮುಂದಿನ ಅಳತೆಯ ದಿನ? ಮೂಳೆ ಮುಟ್ಟಿದ ಕೈಯನ್ನ ಹೇಗೆ ಮಡಿಸಲಿ? ಮಡಿಸದಿದ್ದರೆ ನನ್ನ ಕೈಯಿಂದ ಯಾರು ನೀರು ತಗೋತಾರೆ?"

ಅಜ್ಜ ನಡುಗುವ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು, "ಅದಕ್ಕೆ ನನ್ನ ಹತ್ತಿರ ಕಟ್ಟು ಇಲ್ಲ ತಾಯಿ" ಅಂದ.

ಆ ಸಂಜೆ ಅವಳ ಬಾಗಿಲ ಮೇಲಿನ ಅಚ್ಚು ಎಂದಿಗಿಂತ ಗಟ್ಟಿಯಾಗಿ ಮಾತಾಡಿತು. "ನನ್ನ ಕೈ ಇಷ್ಟು. ನನಗೆ ಮೂಳೆ ಗೊತ್ತಿಲ್ಲ. ನನ್ನ ಕೈ ಇಷ್ಟು. ಬೈತಾರೆ." ಬತ್ತಿಯಕ್ಕ ಕೈಮುಗಿದಳು. ಕೈಮುಗಿದರೂ ಮಾರನೆಯ ದಿನ ಅರಳೆಯ ಬುಟ್ಟಿ ಸೊಂಟಕ್ಕೇರಿಸಿ ಅಜ್ಜನ ಮನೆಗೆ ನಡೆದಳು. ಯಾರು ಕೇಳಿದರೂ, "ಅಜ್ಜನಿಗೆ ಅರಳೆ ಬೇಕಂತೆ" ಅನ್ನುತ್ತಿದ್ದಳು. ಊರಿನ ಮೂಳೆಯೆಲ್ಲ ಮುರಿದರೂ ಅಷ್ಟು ಅರಳೆ ಬೇಕಾಗುತ್ತಿರಲಿಲ್ಲ, ಬಿಡಿ.

ಅಜ್ಜ ಒಡೆದ ಮಡಕೆಯ ಚೂರುಗಳನ್ನು ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಕೊಡುತ್ತಿದ್ದ. ಹೊರಗಿನಿಂದ ಮುಟ್ಟಿ ಮುಟ್ಟಿಯೇ ಒಳಗಿನ ಮಡಕೆಯನ್ನು ಕೂಡಿಸಬೇಕು. ಮೊದಲ ತಿಂಗಳು ಅವಳ ಚೀಲದೊಳಗೆ ಜಲ್ಲಿಯ ರಾಶಿ. ಎರಡನೆಯ ತಿಂಗಳು ಒಂದು ಅಂಚು ಕೂಡಿತು. ಮೂರನೆಯ ತಿಂಗಳು ಒಂದು ಮಧ್ಯಾಹ್ನ ಚೀಲದೊಳಗೆ ದುಂಡಗೆ ಒಂದು ಮಡಕೆ ಕೂತಿತ್ತು. ಅವಳು ಅದನ್ನು ಕಂಕುಳಲ್ಲಿ ಅವಚಿಕೊಂಡು ಅತ್ತುಬಿಟ್ಟಳು. "ಅಳಬೇಡ, ಮತ್ತೆ ಕಳಚಿಕೊಳ್ಳುತ್ತೆ" ಅಂದ ಅಜ್ಜ.

ಆಮೇಲೆ ಮೇಕೆಯ ಪ್ರಸಂಗ ನಡೆಯಿತು. ನೆರೆಮನೆಯ ಉಪ್ಪಿನವಳ ಮೇಕೆ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡಿತ್ತು. ಅಜ್ಜ ಮೈ ಸರಿಯಿಲ್ಲದೆ ಮಲಗಿದ್ದ. ಬತ್ತಿಯಕ್ಕ ತಾನೇ ಕಟ್ಟಿದಳು. ಕೈ ಹೆದರಿತ್ತು, ಏಳನೆಯ ವರ್ಷ ಮಣ್ಣಿಗೆ ಹೆದರಿದ ಹಾಗೆಯೇ. ಹೆದರಿದ ಕೈ ಒತ್ತಬೇಕಾದಲ್ಲಿ ಒತ್ತಲಿಲ್ಲ. ಮೂರು ವಾರದ ಮೇಲೆ ಕಟ್ಟು ಬಿಚ್ಚಿದರೆ ಕಾಲು ಸೊಟ್ಟ. ಮೇಕೆ ಕುಂಟುತ್ತ ನಡೆಯಿತು.

ಉಪ್ಪಿನವಳ ಬಾಯಿ ಅವಳು ಮಾರುವ ಉಪ್ಪಿಗಿಂತ ಒಂದು ಕಲ್ಲು ಹೆಚ್ಚೇ. "ನೋಡ್ರಪ್ಪಾ ನೋಡ್ರಿ! ಬತ್ತಿ ಹೊಸೆದ ಹಾಗೆ ಕಾಲು ಹೊಸೆದವ್ಳೆ! ಇನ್ನು ನಾಲ್ಕು ದಿನ ಬಿಟ್ಟಿದ್ರೆ ಎಣ್ಣೆ ಹಾಕಿ ಹಚ್ಚಿಬಿಡೋಳು!" ಬೀದಿಯೆಲ್ಲ ನಕ್ಕಿತು. ಮೇಕೆ ದಿನಕ್ಕೆ ನಾಲ್ಕು ಸಲ ಬತ್ತಿಯಕ್ಕನ ಬಾಗಿಲ ಮುಂದೆ ಹಾದುಹೋಗುತ್ತಿತ್ತು. ಟಕ್, ಟಕ್, ಟರ್. ಟಕ್, ಟಕ್, ಟರ್.

ಅವಳು ಅಜ್ಜನ ಮನೆಗೆ ಹೋಗುವುದನ್ನು ನಿಲ್ಲಿಸಿದಳು. ದಿನವಿಡೀ ಬತ್ತಿ ಹೊಸೆದಳು. ಸಂಜೆ ಅಚ್ಚು ಹೇಳುತ್ತಿತ್ತು: "ನಾನು ಹೇಳಿರಲಿಲ್ವಾ? ನನ್ನ ಕೈ ಇಷ್ಟು." ಅವಳು, "ಹೌದು ತಾಯಿ, ಇಷ್ಟೇ" ಅನ್ನುತ್ತಿದ್ದಳು.

ಒಂದು ತಿಂಗಳು ಹಾಗೇ ಕಳೆಯಿತು. ತಾಯಿಯ ಕರುಣೆ ಎಲ್ಲಿಂದ ಬರುತ್ತದೆ ಅಂತ ಹೇಳಲಿಕ್ಕಾಗದು. ಅವಳಿಗೆ ಒಂದು ಜೇಡರ ಬಲೆಯಿಂದ ಬಂತು. ಅಚ್ಚಿನ ಮೂಲೆಯಲ್ಲಿ ಬಲೆ ಕಟ್ಟಿತ್ತು. ಒರೆಸೋಣವೆಂದು ಒಂದು ಸಂಜೆ ಅಚ್ಚನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು. ವರ್ಷಕ್ಕೊಮ್ಮೆ ಗುಡಿಗೆ ಒಯ್ಯುವಾಗ ಬಿಟ್ಟರೆ ಅವಳು ಅದನ್ನು ಮುಟ್ಟಿದವಳಲ್ಲ. ಬಾಗಿಲ ಮೇಲಿನಿಂದ ಬರುವ ದನಿಯನ್ನು ಕೆಳಗೆ ನಿಂತು ಕೇಳಿದ್ದಳು, ಅಷ್ಟೇ. ಮಡಿಲಿನಿಂದ ಕೇಳಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಮಡಿಲಲ್ಲಿದ್ದ ಅಚ್ಚು ಹೇಳಿತು: "ನನ್ನ ಕೈ ಇಷ್ಟು."

ಬತ್ತಿಯಕ್ಕ ಬೆಚ್ಚಿದಳು. ಅದು ದೇವರ ದನಿಯಾಗಿರಲಿಲ್ಲ. ಅದೊಂದು ಮಗುವಿನ ದನಿ. ಹಾಲುಹಲ್ಲು ಬಿದ್ದ ಸಂದಿಯಿಂದ ಗಾಳಿ ನುಸುಳುವ, ಅಳು ತಡೆದುಕೊಂಡ, ಪುಟ್ಟ ಹುಡುಗಿಯ ದನಿ.

"ನನಗೆ ಮೂಳೆ ಗೊತ್ತಿಲ್ಲ" ಅಂದಿತು ಅದು.

"ಹೌದು ಪುಟ್ಟಿ" ಅಂದಳು ಬತ್ತಿಯಕ್ಕ, ಮೆಲ್ಲಗೆ. "ನಿನಗೆ ಗೊತ್ತಿಲ್ಲ."

"ತಪ್ಪಾದರೆ ಬೈತಾರೆ."

"ಬೈತಾರೆ. ಬೈದರು ಕೂಡ. ಉಪ್ಪಿನವಳ ಬಾಯಿ ನಿನಗೆ ಗೊತ್ತಲ್ಲ."

"ಮಣ್ಣು ತಣ್ಣಗಿದೆ. ನನಗೆ ಹೆದರಿಕೆ. ನಾನಿನ್ನೂ ಚಿಕ್ಕೋಳು."

ಬತ್ತಿಯಕ್ಕ ಮೂವತ್ತಾರು ವರ್ಷ ಈ ಮಗುವನ್ನು ಬಾಗಿಲ ಮೇಲೆ ಹತ್ತಿಸಿ ಕೂರಿಸಿ, ಮನೆಯ ಯಜಮಾನಿಕೆ ಕೊಟ್ಟು, ಅದು ಹೆದರಿ ಹೇಳಿದ್ದನ್ನೆಲ್ಲ ಅಪ್ಪಣೆ ಅಂತ ನಡೆಸಿಕೊಂಡು ಬಂದಿದ್ದಳು. ಒಂದು ದಿನವೂ ಅದನ್ನು ಎತ್ತಿಕೊಂಡಿರಲಿಲ್ಲ.

"ನೀನು ಚಿಕ್ಕೋಳು ಕಂದಾ" ಅಂದಳು. "ನಾನು ಚಿಕ್ಕೋಳಲ್ಲ. ಕಲಿಯೋಕೆ ನಾನು ಹೋಗ್ತೀನಿ. ನೀನು ಇಲ್ಲೇ ಮಲಗಿರು."

ಅವಳು ತನ್ನ ಬಲಗೈಯನ್ನು ಆ ಅಚ್ಚಿನ ಮೇಲಿಟ್ಟಳು. ಮಡಿಸಲಿಲ್ಲ. ಅಚ್ಚಿನ ಪುಟ್ಟ ಕೈ ಅವಳ ಅಂಗೈಯ ಕೆಳಗೆ ಪೂರ್ತಿ ಮರೆಯಾಯಿತು, ಸಂತೆಯಲ್ಲಿ ಅಮ್ಮ ಹಿಡಿದುಕೊಂಡ ಮಗುವಿನ ಕೈಯ ಹಾಗೆ. ದನಿ ಒಮ್ಮೆ ಬಿಕ್ಕಿತು. ಆಮೇಲೆ ಉಸಿರಾಟದಂಥ ಒಂದು ಸದ್ದು. ಆಮೇಲೆ ನಿದ್ದೆ.

ಮಾರನೆಯ ದಿನ ಅಜ್ಜನ ಜಗಲಿ ಹತ್ತಿದಳು. ಅಜ್ಜ ಎಲೆಯಡಿಕೆ ಉಗುಳಿ ಕೇಳಿದ: "ಒಂದು ತಿಂಗಳು ಎಲ್ಲಿ ಹಾಳಾಗಿಹೋಗಿದ್ದೆ?"

"ಒಂದು ಮಗು ಅಳ್ತಿತ್ತು ಅಜ್ಜ. ಸಮಾಧಾನ ಮಾಡಿ ಬಂದೆ. ಆ ಮೇಕೆಯ ಕಾಲು ಮತ್ತೆ ಬಿಚ್ಚಿ ಕಟ್ಟಬೇಕು."

"ಬಿಚ್ಚೋದು ಅಂದ್ರೆ ಮತ್ತೆ ಮುರಿಯೋದು. ಗೊತ್ತಾ?"

"ಗೊತ್ತು."

ಉಪ್ಪಿನವಳು ಸೊಂಟದ ಮೇಲೆ ಕೈಯಿಟ್ಟು, "ತಗೊಂಡು ಹೋಗು ಮಾರಾಯ್ತಿ, ಇನ್ನು ಕೆಡಿಸೋಕೆ ಏನೂ ಉಳಿದಿಲ್ಲ" ಎಂದು ಮೇಕೆ ಕೊಟ್ಟಳು. ಈ ಸಲ ಬತ್ತಿಯಕ್ಕನ ಕೈ ಒತ್ತಬೇಕಾದಲ್ಲಿ ಒತ್ತಿತು. ಅಜ್ಜ ಕಣ್ಣು ಮುಚ್ಚಿಕೊಂಡಿದ್ದ, ಮೇಕೆ ಒಂದೇ ಸಲ ಕೂಗಿತು. ಅಳತೆಯ ಹಬ್ಬಕ್ಕೆ ನಾಲ್ಕು ದಿನವಿರುವಾಗ ಅದು ಬೀದಿಯಲ್ಲಿ ನಡೆದುಹೋಯಿತು. ಟಕ್, ಟಕ್, ಟಕ್. ಅಂದು ಮಧ್ಯಾಹ್ನ ಬತ್ತಿಯಕ್ಕನ ಹೊಸ್ತಿಲ ಮೇಲೆ ಒಂದು ಬಟ್ಟಲು ಮೇಕೆಯ ಹಾಲಿತ್ತು.

ಹಬ್ಬದ ಬೆಳಗಾಯಿತು. ಗುಡಿಯ ತುಂಬ ದೀಪ, ಅವಳೇ ಹೊಸೆದ ಬತ್ತಿ. ಜನ ಸಾಲಾಗಿ ಬಂದರು, ಕೈ ಮಡಿಸಿದರು, ಅಚ್ಚಿನೊಳಗೆ ತುರುಕಿದರು. "ಇದು ನನ್ನ ಕೈ. ನನ್ನ ಕೈ ಇಷ್ಟು." ಮಗ್ಗದವನು ಹೇಳಿದ. ಕುಂಬಾರ ಹೇಳಿದ. ಕಮ್ಮಾರ ಬೆವರುತ್ತ ಹೇಳಿದ. ಉಪ್ಪಿನವಳು ತುಟಿ ಕಚ್ಚಿಕೊಂಡು ಹೇಳಿದಳು. ಅಚ್ಚಿನೊಡೆಯರು ಪ್ರತಿಯೊಬ್ಬರಿಗೂ ತಲೆಯಾಡಿಸಿದರು. ಒಳ್ಳೆಯ ಮನುಷ್ಯ ಅವರು. ಐವತ್ತು ವರ್ಷದಿಂದ ತಾಯಿಯ ಕಟ್ಟಳೆ ಕಾಯುತ್ತಿದ್ದೇನೆ ಎಂದು ನಂಬಿ, ಒಂದು ದಿನವೂ ಉಪವಾಸ ತಪ್ಪಿಸದೆ ಹಬ್ಬ ನಡೆಸಿದವರು.

ಬತ್ತಿಯಕ್ಕನ ಸರದಿ ಬಂತು. ಅವಳು ಅಚ್ಚನ್ನು ತಾಯಿಯ ಮುಂದಿಟ್ಟಳು. ತಲೆಯೆತ್ತಿದಳು. ಮೂವತ್ತಾರು ವರ್ಷ ಆ ಪಾದದ ಬಳಿ ಬತ್ತಿಯಿಟ್ಟು ದೀಪ ನೋಡಿದ್ದಳು, ಇಂದು ದೀಪ ಏನನ್ನು ತೋರಿಸುತ್ತಿದೆಯೋ ಅದನ್ನು ನೋಡಿದಳು. ಒಂದು ಕೈ. ಐದು ಬೆರಳು. ಒಂದೂ ಮಡಿಸಿರಲಿಲ್ಲ.

ಹಿಂದಿನಿಂದ ಉಪ್ಪಿನವಳು ಪಿಸುಗುಟ್ಟಿದಳು: "ಮಡಿಸೇ! ಕಿರುಬೆರಳು ಮೊದಲು! ಒಂದು ಗಳಿಗೆ ಅಷ್ಟೇ ಕಣೇ, ಮಡಿಸ್ಬಿಡು!"

ಬತ್ತಿಯಕ್ಕನಿಗೆ ಕೈಯಲ್ಲೇ ಕರಗಿದ ಬಾಳೆಹಣ್ಣು ನೆನಪಾಯಿತು. ಅವಳು ತನ್ನ ಅಂಗೈಯನ್ನು ಪೂರ್ತಿ ಬಿಚ್ಚಿ, ಮಗುವಿನ ತಲೆಯ ಮೇಲೆ ಇಡುವ ಹಾಗೆ, ಅಚ್ಚಿನ ಮೇಲೆ ಇಟ್ಟಳು.

"ಇದು ನನ್ನ ಕೈ ತಾಯಿ" ಅಂದಳು. "ಎಷ್ಟು ಅಂತ ನಿನಗೆ ಗೊತ್ತು."

ಒಡೆಯರ ಮುಖ ಬಾಡಿತು. "ಇನ್ನೊಮ್ಮೆ ಇಡಮ್ಮ" ಅಂದರು, ಬೇಡುವವರ ಹಾಗೆ. ಅವಳು ಇನ್ನೊಮ್ಮೆ ಹಾಗೆಯೇ ಇಟ್ಟಳು. ಒಡೆಯರು ಕಣ್ಣು ಮುಚ್ಚಿ ಹೇಳಿದರು: "ಈ ಕೈ ಇಲ್ಲ."

ಜನ ಎರಡು ಹೋಳಾಗಿ ಸರಿದರು. ಅವಳು ತಂದಿದ್ದ ಚೆಂಡುಹೂವನ್ನು ಪಕ್ಕದವರಿಗೆ ನೀಡಿದಳು. ಪಕ್ಕದವರು ಕೈ ಬೆನ್ನ ಹಿಂದೆ ಇಟ್ಟುಕೊಂಡರು. ಉಪ್ಪಿನವಳು ಗೋಡೆಯ ಕಡೆ ತಿರುಗಿದಳು. ಬತ್ತಿಯಕ್ಕ ಹೂವು ಹಿಡಿದುಕೊಂಡೇ ಕಂಬಕ್ಕೆ ಒರಗಿ ನಿಂತಳು. ಆದರೆ ಒಂದು ಸೋಜಿಗ: ಐದು ಬೆರಳೂ ತಂಪಾಗಿದ್ದವು. ಅಳತೆಯ ದಿನ ಅವು ನೋಯದೆ ಇದ್ದದ್ದು ಅದೇ ಮೊದಲು. ಅವಳು ಹೊರಟುಹೋಗಲಿಲ್ಲ. ತಾಯಿ ಇದ್ದಳಲ್ಲ, ಅವಳೂ ಇದ್ದಳು.

ಪದ್ಧತಿಯಂತೆ ಕೊನೆಯ ಸರದಿ ಒಡೆಯರದು. ಅವರು ತಮ್ಮ ಅಚ್ಚಿನ ಮುಂದೆ ಕೂತರು, ಎಪ್ಪತ್ತು ವರ್ಷದ ಕೈ ಮಡಿಸಿದರು, ಇಟ್ಟರು. "ಇದು ನನ್ನ ಕೈ. ನನ್ನ ಕೈ ಇಷ್ಟು." ಏಳಲು ಹೋದರು. ಬೆರಳು ಬಿಚ್ಚಲಿಲ್ಲ. ಎಡಗೈಯಿಂದ ಎಳೆದರು. ಬಿಚ್ಚಲಿಲ್ಲ. ಮುಷ್ಟಿ ಕಲ್ಲಾಗಿತ್ತು, ಉಗುರು ಅಂಗೈಗೆ ಇಳಿಯುತ್ತಿತ್ತು. ಉಪವಾಸದ ಮನುಷ್ಯ "ಅಮ್ಮಾ" ಎಂದು ಕೂಗಿದ್ದು ಕೆರೆಯ ಆಚೆಗೂ ಕೇಳಿತು.

ಗುಡಿಯ ಮೂಲೆಯಲ್ಲಿ ಕೂತಿದ್ದ ಮೂಳೆಯಜ್ಜನನ್ನು ಹೊತ್ತು ತಂದರು. ಅವನು ಆ ಮುಷ್ಟಿ ಹಿಡಿದ. ಅವನ ಕೈ ಗಾಳಿಗೆ ಸಿಕ್ಕ ಎಲೆಯಂತೆ ಅದುರಿತು. ಎರಡು ಸಲ ಹಿಡಿದು, ಬಿಟ್ಟುಬಿಟ್ಟ.

"ನನ್ನ ಕೈಲಾಗಲ್ಲ ಒಡೆಯರೇ. ಇದು ಆಗೋ ಕೈ ಈ ಊರಲ್ಲಿ ಒಂದೇ ಒಂದು ಐತೆ. ಈಗ ತಾನೇ ನೀವು ಇಲ್ಲ ಅಂದ್ರಿ."

ಎಲ್ಲರ ಕಣ್ಣು ಕಂಬದ ಕಡೆ ಹೋಯಿತು. ಬತ್ತಿಯಕ್ಕ ಹೂವನ್ನು ಮುಡಿಗೆ ಸಿಕ್ಕಿಸಿಕೊಂಡು ಬಂದು ಒಡೆಯರ ಎದುರು ಕೂತು ಕೈ ನೀಡಿದಳು. ಅವರು ಕೊಡಲಿಲ್ಲ.

"ಕೊಟ್ಟರೆ ನನ್ನ ಮಾತು ಹೋಗುತ್ತೆ ತಾಯಿ. ಐವತ್ತು ವರ್ಷದ ಮಾತು."

"ಮಾತು ಹೋದರೆ ಹೋಗಲಿ ಯಜಮಾನರೇ" ಅಂದಳು ಅವಳು. "ಕೈ ಉಳೀಲಿ."

ಒಡೆಯರು ತಾಯಿಯ ಮುಖ ನೋಡಿದರು. ಆಮೇಲೆ ಆ ಮುಷ್ಟಿಯನ್ನು, ಒಂದು ಗಾಯಗೊಂಡ ಹಕ್ಕಿಯನ್ನು ಒಪ್ಪಿಸುವಂತೆ, ಅವಳ ಅಂಗೈಯಲ್ಲಿ ಇಟ್ಟರು.

ಅವಳು ಎಳೆಯಲಿಲ್ಲ. ತಾಯಿಯ ದೀಪದಿಂದ ಬೆಚ್ಚಗಿನ ಎಣ್ಣೆ ಬಸಿದುಕೊಂಡಳು. ತನ್ನ ಬುಟ್ಟಿಯಿಂದ ಬತ್ತಿ ತೆಗೆದಳು. ಎಣ್ಣೆಯಲ್ಲಿ ಅದ್ದಿ ಗೆಣ್ಣು ಗೆಣ್ಣಿಗೆ ಸುತ್ತಿದಳು. ಬೆರಳು ಹೋಗದ ಸಂದಿಗೆ ಒಂದೆಳೆ ಬತ್ತಿ ಹೋಗುತ್ತದೆ. ಒಂದೆಳೆ ತೂರಿಸಿದಳು, ಕಾದಳು. ಎರಡೆಳೆ ತೂರಿಸಿದಳು, ಕಾದಳು. ಮೂರೆಳೆ. ಕಣ್ಣು ಮುಚ್ಚಿತ್ತು. ತುಟಿಯ ಮೇಲೆ ತಾಯಿಯ ಹೆಸರಿತ್ತು. ಇವತ್ತು ಅವಳು ಅದನ್ನು ಅರ್ಥ ಸಮೇತ ಹೇಳುತ್ತಿದ್ದಳು. ಮೂವತ್ತಾರು ವರ್ಷದ ಹತ್ತಿ ಎಪ್ಪತ್ತು ವರ್ಷದ ಮುಷ್ಟಿಯೊಳಗೆ ಎಳೆ ಎಳೆಯಾಗಿ ಇಳಿಯಿತು. ಬಿಸಿಲು ಮೆಟ್ಟಿಲಿಂದ ಹೊಸ್ತಿಲಿಗೆ ಬಂತು. ಕಿರುಬೆರಳು ಮೊದಲು ಬಿಟ್ಟುಕೊಟ್ಟಿತು. ಆಮೇಲೆ ಉಂಗುರದ ಬೆರಳು. ಕೊನೆಗೆ ಒಂದು ಸಣ್ಣ 'ಟಕ್' ಸದ್ದಾಗಿ ಹೆಬ್ಬೆರಳು ಹೊರಗೆ ಬಂತು.

ಒಡೆಯರ ಅಂಗೈ ಬಿಚ್ಚಿಕೊಂಡಿತ್ತು. ನಡುವೆ ಎಳೆಗೂಸಿನ ಅಂಗೈಯಷ್ಟು ಬೆಳ್ಳಗೆ. ಅವರು ಅದನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದರು. ಮೆಲ್ಲಗೆ ಎತ್ತಿ ತಾಯಿಯ ಕೈಗೆ ಎದುರಾಗಿ ಹಿಡಿದರು. ಐದು ಬೆರಳಿಗೆ ಐದು ಬೆರಳು. ಮುದುಕರು ಬಿಕ್ಕಿ ಬಿಕ್ಕಿ ಅತ್ತರು.

"ಇಷ್ಟು ದಿನ ತೋರಿಸ್ತಾನೇ ಇದ್ಯಲ್ಲೇ ಅಮ್ಮಾ" ಅಂದರು.

ಆಮೇಲೆ ಬತ್ತಿಯಕ್ಕನ ಕಡೆ ತಿರುಗಿ, "ಬಾಯಾರಿದೆ. ನೀರು ಕೊಡಮ್ಮ" ಅಂದರು. ಅವಳು ತಂಬಿಗೆ ಎತ್ತಿ ಕೊಟ್ಟಳು. ಅವರು ಅವಳ ಕೈಯಿಂದ ತೆಗೆದುಕೊಂಡು ಕುಡಿದರು, ಗಟಗಟನೆ, ಇಡೀ ಊರು ನೋಡುತ್ತಿರುವಂತೆ.

"ಸರೀರಿ, ಸರೀರಿ ಅತ್ಲಾಗೆ!" ಉಪ್ಪಿನವಳು ಮೊಣಕೈಯಿಂದ ಜನರನ್ನು ನೂಕಿಕೊಂಡು ಬಂದಳು. ಕಣ್ಣೊರೆಸಿಕೊಳ್ಳುತ್ತ ಕೈ ಚಾಚಿದಳು. "ಮೊದಲು ಆ ಹೂವು ಕೊಡೇ. ಆಮೇಲೆ ನನ್ನ ಈ ಹಾಳು ಕಿರುಬೆರಳು ನೋಡು. ನನ್ನ ಮೇಕೆಗಿಂತ ನಾನೇನು ಕಡಿಮೆಯಾ?"

ಗುಡಿ ನಕ್ಕಿತು. ತಾಯಿಯ ಮುಂದೆ ಆ ಊರು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಒಬ್ಬೊಬ್ಬರೇ ಮುಷ್ಟಿ ಬಿಚ್ಚಿದರು. ಕಮ್ಮಾರ ತನ್ನ ಮೊರದಗಲದ ಕೈ ಬಿಚ್ಚಿ ನಿಂತಾಗ ಗುಡಿಯೊಳಗೆ ಬೆಳಕು ಹೆಚ್ಚಾಯಿತೇನೋ ಅನ್ನಿಸಿತು.

ಕುಂಬಾರ ಕೆರೆಯ ದಡದಿಂದ ಒಂದು ಹೆಡಿಗೆ ಹಸಿಮಣ್ಣು ತಂದು ಸುರಿದ. ಒಡೆಯರು ಮೊದಲು ಒತ್ತಿದರು, ಊರು ಒತ್ತಿತು, ಮೂಳೆಯಜ್ಜ ನಡುಗುವ ಕೈಯನ್ನೂ ಒತ್ತಿದ. ಅವನ ಅಚ್ಚಿನಲ್ಲಿ ಹತ್ತು ಹನ್ನೆರಡು ಬೆರಳು ಮೂಡಿದ್ದವು.

"ಇವನ್ನ ಆವಿಗೆಗೆ ಹಾಕಲಾ ಒಡೆಯರೇ?" ಕೇಳಿದ ಕುಂಬಾರ.

ಒಡೆಯರು ಬತ್ತಿಯಕ್ಕನನ್ನು ನೋಡಿದರು. ಅವಳು ತಲೆಯಲ್ಲಾಡಿಸಿದಳು. "ಸುಡಬೇಡಪ್ಪ."

"ಸುಡದಿದ್ರೆ ಬಿರಿದು ಹೋಗುತ್ತಲ್ಲಕ್ಕ."

"ಹೋಗಲಿ. ಬರೋ ವರ್ಷ ಹೊಸದಾಗಿ ಒತ್ತೋಣ. ತಾಯಿ ಕೆರೆಯ ಮಣ್ಣನ್ನ ಒಂದು ದಿನಾನಾದ್ರೂ ಒಣಗೋಕೆ ಬಿಟ್ಟಿದ್ದಾಳಾ?"

ಅಂದಿನಿಂದ ಆ ಊರಿನಲ್ಲಿ ಆವಿಗೆಯಲ್ಲಿ ಬೇಯುವುದು ಮಡಕೆ ಮಾತ್ರ. ಮೂಳೆಯಜ್ಜ ಇನ್ನೆರಡು ವರ್ಷ ಬದುಕಿದ್ದು, ತನ್ನ ಜಗಲಿಯನ್ನು ಅವಳಿಗೆ ಬಿಟ್ಟು, ತಾನು ಹೊಸದಾಗಿ ಕಲಿಯುತ್ತಿದ್ದ ಕೆಲಸವನ್ನು ಚೆನ್ನಾಗಿ ಮುಗಿಸಿದ. ತಾಯಿಯ ದೀಪಕ್ಕೆ ಬತ್ತಿ ಹೊಸೆಯಲು ಯಾರೂ ಎಣಿಸದ ಒಬ್ಬ ಮುಂದೆ ಬಂದ, ಕಮ್ಮಾರ. ಚಿಕ್ಕಂದಿನಿಂದ ಅವನಿಗೆ ಹತ್ತಿಯ ಮೆತ್ತನೆ ಇಷ್ಟವಂತೆ. ಅವನು ಹೊಸೆದ ಬತ್ತಿ ಹಗ್ಗದಷ್ಟು ದಪ್ಪ, ಉರಿ ಸೊಟ್ಟಸೊಟ್ಟ. ತಾಯಿ ಈ ತನಕ ಒಂದು ಮಾತೂ ಆಡಿಲ್ಲ.

ಬತ್ತಿಯಕ್ಕನನ್ನು ಜನ ಈಗಲೂ ಬತ್ತಿಯಕ್ಕ ಅಂತಲೇ ಕರೆಯುತ್ತಾರೆ. ಏಳು ವರ್ಷದ ಆ ಹಳೆಯ ಅಚ್ಚನ್ನು ಅವಳು ಒಡೆಯಲಿಲ್ಲ. ಮೂಳೆ ಕಟ್ಟುವ ಜಗಲಿಯ ಮೇಲೆ ತಂದಿಟ್ಟುಕೊಂಡಿದ್ದಾಳೆ. ಆ ಪುಟ್ಟ ಅಂಗೈಯ ಗುಳಿಯಲ್ಲಿ ಒಂದು ಕಟ್ಟಿಗೆ ಬೇಕಾದಷ್ಟೇ ಎಣ್ಣೆ ಹಿಡಿಯುತ್ತದೆ. ಬೆರಳಿನ ಗೆರೆಗಳಲ್ಲಿ ಅದ್ದಿದ ಎಳೆಗಳನ್ನು ಸಾಲಾಗಿ ಮಲಗಿಸಲು ಅನುಕೂಲ. ಬಂದವರ ನೋವಿಗೆ ಮೊದಲು ತಾಕುವ ಎಣ್ಣೆ ಆ ಮಗುವಿನ ಕೈಯಿಂದಲೇ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಚ್ಚು ಈಗಲೂ ಮಾತಾಡುತ್ತದೆ. ಹಲ್ಲಿಲ್ಲದ ಸಂದಿಯಿಂದ ಗಾಳಿ ನುಸುಳುವ ಅದೇ ದನಿ.

"ಅಕ್ಕಾ" ಅನ್ನುತ್ತದೆ, "ಇವತ್ತು ಏನು ಕಲಿತೆ?"

ಅವಳು ಕೈ ತೊಳೆದು, ಅದರ ಪಕ್ಕದಲ್ಲಿ ಕೂತು, ಹೇಳತೊಡಗುತ್ತಾಳೆ.